ಕಪ್ಲರ್ ಬಿಚ್ಚುವ ಮುನ್ನ: ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಒಂದು ವಿದ್ಯುತ್ ದೋಷ

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಕರೆಂಟಿನ ಕಾಟವೂ ಇಲ್ಲ ಎಂಬ ಮಾತು ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಈಗಲೂ ಕೇಳಿಬರುತ್ತದೆ. ಇನ್‌ಲೈನ್ ಪಂಪುಗಳ ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. ಬಾಷ್ ಕಂಪನಿ 1927ರಲ್ಲಿ ಸರಣಿ ಉತ್ಪಾದನೆಗೆ ತಂದ ಈ ಬಗೆಯ ಪಂಪಿಗೆ ತಂತಿಯ ಹಂಗಿರಲಿಲ್ಲ. ಎಷ್ಟು ಡೀಸೆಲ್, ಯಾವಾಗ ಎನ್ನುವುದನ್ನು ಪ್ಲಂಜರ್, ಕ್ಯಾಮ್, ಗವರ್ನರುಗಳೇ ತೀರ್ಮಾನಿಸುತ್ತಿದ್ದವು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಬೆಂಗಳೂರು ಕಾರ್ಖಾನೆಯ ಪಂಪುಗಳನ್ನು ಬಿಚ್ಚಿ ಕಟ್ಟಿ ಪಳಗಿದ ಕೈಗಳಿಗೆ ಮಲ್ಟಿಮೀಟರ್ ಬೇಕಾಗಿರಲಿಲ್ಲ. ಆಮೇಲೆ ಬಂದ ವಿಇ ರೋಟರಿ ಪಂಪಿನಲ್ಲಿ ಹೆಚ್ಚಿನ ಮಾದರಿಗಳಿಗೆ ಇದ್ದದ್ದು ಒಂದೇ ಮುಖ್ಯ ತಂತಿ, ಸ್ಟಾಪ್ ಸೊಲೆನಾಯ್ಡಿನದು. ಕೀ ತಿರುಗಿಸಿದಾಗ ‘ಟಕ್’ ಎಂದರೆ ಸರಿ, ಇಲ್ಲದಿದ್ದರೆ ಒಂದು ಟೆಸ್ಟ್ ಲ್ಯಾಂಪ್ ಹಿಡಿದು ಕರೆಂಟ್ ಬರುತ್ತಿದೆಯೇ ನೋಡುವುದು. ಅಲ್ಲಿಗೆ ವಿದ್ಯುತ್ತಿನ ವಿಚಾರ ಮುಗಿಯಿತು.

ಕಾಮನ್ ರೈಲ್ ಬಂದಮೇಲೆ ಈ ಸರಳತೆ ಹೋಯಿತು. 1995ರಲ್ಲಿ ಜಪಾನಿನ ಡೆನ್ಸೊ ಇದನ್ನು ಹೀನೊ ಟ್ರಕ್ಕಿಗೆ ಅಳವಡಿಸಿತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಬಾಷ್ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲಂತೂ ನಮ್ಮ ರಸ್ತೆಗಿಳಿಯುವ ಹೊಸ ಡೀಸೆಲ್ ವಾಹನಗಳಲ್ಲಿ ಬರೀ ಯಾಂತ್ರಿಕ ಪಂಪಿಗೆ ಜಾಗವಿಲ್ಲ. ಪಂಪು ಈಗ ಎಲ್ಲ ಇಂಜೆಕ್ಟರುಗಳಿಗೂ ಸಾಮಾನ್ಯವಾದ ‘ರೈಲ್’ ಎಂಬ ಕೊಳವೆಯಲ್ಲಿ ಒತ್ತಡ ಹುಟ್ಟಿಸುತ್ತದೆ, ಅಷ್ಟೆ. ಎಷ್ಟು ಒತ್ತಡ, ಎಷ್ಟು ಹೊತ್ತು, ಯಾವ ಸಿಲಿಂಡರಿಗೆ ಎಂಬುದೆಲ್ಲ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕ ಇಸಿಯು ಕೈಯಲ್ಲಿದೆ. ಆದರೆ ಇಸಿಯು ಒತ್ತಡವನ್ನು ಕಾಣುವುದೇ ಇಲ್ಲ. ಅದು ಕಾಣುವುದು ಒಂದು ತಂತಿಯ ಮೇಲಿನ ವೋಲ್ಟೇಜನ್ನು ಮಾತ್ರ. ಈ ಟಿಪ್ಪಣಿಯ ವಾದವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಕಾರ್ಯಾಗಾರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಲಕ್ಷಣಗಳ ಒಂದು ಗುಂಪನ್ನು ನೋಡೋಣ. ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕು. ಹೊಗೆಕೊಳವೆಯಲ್ಲಿ ಬಿಳಿ ಹೊಗೆ. ಐಡ್ಲಿಂಗ್‌ನಲ್ಲಿ ನಡುಕ. ಹೆದ್ದಾರಿಗೆ ಬಿದ್ದರೆ ಗಾಡಿ ಹೆಚ್ಚುಕಡಿಮೆ ಸರಿಯಾಗಿಯೇ ಓಡುತ್ತದೆ. ಸ್ಕ್ಯಾನರ್ ಹಾಕಿದರೆ ಕೋಡ್ ಇಲ್ಲ. ಬೇಕಾದ ರೈಲ್ ಒತ್ತಡ 300 ಬಾರ್, ಇರುವ ಒತ್ತಡವೂ 300 ಬಾರ್. ಇಷ್ಟು ನೋಡಿದವರು ರೈಲನ್ನು ಪಟ್ಟಿಯಿಂದ ತೆಗೆದುಹಾಕಿ ಇಂಜೆಕ್ಟರುಗಳ ಕಡೆ ಹೊರಳುತ್ತಾರೆ. ಖರ್ಚು ಶುರುವಾಗುವುದು ಅಲ್ಲಿಂದ.

ರೈಲ್ ಒತ್ತಡದ ಸೆನ್ಸರಿಗೆ ಮೂರು ತಂತಿ: 5 ವೋಲ್ಟ್ ಪೂರೈಕೆ, ಅರ್ಥ್, ಸಿಗ್ನಲ್. ಒತ್ತಡವಿಲ್ಲದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ಣ ವ್ಯಾಪ್ತಿಯಲ್ಲಿ 4.5 ವೋಲ್ಟ್ ಇರುವುದು ಸಾಮಾನ್ಯ. ವ್ಯಾಪ್ತಿ 1800 ಬಾರ್ ಎಂದುಕೊಂಡರೆ ಒಂದು ವೋಲ್ಟಿಗೆ 450 ಬಾರ್. ಸೆನ್ಸರ್ ಕೊಡುವುದು ತನಗೆ ಸಿಕ್ಕ ಪೂರೈಕೆಯ ಒಂದು ಪಾಲನ್ನು. ತನ್ನ ಅರ್ಥನ್ನೇ ಸೊನ್ನೆ ಎಂದು ನಂಬಿ ಅಲ್ಲಿಂದ ಎಣಿಸುತ್ತದೆ. ಈಗ ಅರ್ಥ್ ಪಿನ್ನಿನಲ್ಲಿ ಕಿಲುಬು ಹಿಡಿದು ಅಲ್ಲಿ 0.2 ವೋಲ್ಟ್ ನಿಂತಿತೆನ್ನಿ. ಸೆನ್ಸರಿನ ಸೊನ್ನೆ ಇಸಿಯುವಿನ ಸೊನ್ನೆಗಿಂತ ಅಷ್ಟು ಮೇಲೆದ್ದಿತು. 300 ಬಾರ್‌ಗೆ ಇಸಿಯು ನಿರೀಕ್ಷಿಸುವ ಸಿಗ್ನಲ್ 1.17 ವೋಲ್ಟ್. ಅದರಲ್ಲಿ 0.2 ವೋಲ್ಟ್ ಕಿಲುಬಿನ ಕೊಡುಗೆಯಾದ್ದರಿಂದ, ಉಳಿದ 4.8 ವೋಲ್ಟಿನ ಲೆಕ್ಕದಲ್ಲಿ ರೈಲಿನಲ್ಲಿ ನಿಜವಾಗಿ ಇರುವುದು 228 ಬಾರ್ ಮಾತ್ರ. ಇಸಿಯುವಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ತನಗೆ ಬೇಕಾದ ವೋಲ್ಟೇಜ್ ಸಿಗುವಷ್ಟು ಹೊತ್ತಿಗೆ ಪಂಪನ್ನು ತಗ್ಗಿಸಿ ಸುಮ್ಮನಾಗುತ್ತದೆ. ಬೇಕಾದದ್ದಕ್ಕೂ ಇರುವುದಕ್ಕೂ ಹೊಂದಿಕೆಯಾಯಿತೆಂದು ಸ್ಕ್ಯಾನರ್ ತೋರಿಸುವುದು ಅದಕ್ಕೇ.

ಇದೇ ಲೆಕ್ಕವನ್ನು 1200 ಬಾರ್‌ಗೆ ಹಾಕಿದರೆ ನಿಜವಾದ ಒತ್ತಡ 1166. ಅಂದರೆ ಐಡ್ಲಿಂಗ್‌ನಲ್ಲಿ ಕಾಲು ಭಾಗದಷ್ಟಿದ್ದ ಕೊರತೆ ಹೊರೆಯ ಮೇಲೆ ಶೇ. 3ಕ್ಕೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಗಾಡಿ ಚೆನ್ನಾಗಿ ಓಡುವುದಕ್ಕೂ ಐಡ್ಲಿಂಗ್‌ನಲ್ಲಿ ನಡುಗುವುದಕ್ಕೂ ವಿವರಣೆ ಇಲ್ಲಿದೆ. ಸ್ಟಾರ್ಟಿಂಗ್ ಇನ್ನೂ ಕೆಟ್ಟ ಸ್ಥಿತಿ. ಕನಿಷ್ಠ ಒತ್ತಡ ಬರುವ ತನಕ ಇಸಿಯು ಇಂಜೆಕ್ಟರ್ ತೆರೆಸುವುದಿಲ್ಲ. ಆ ಮಿತಿ 200 ಬಾರ್ ಎಂದಿಟ್ಟುಕೊಂಡರೆ, ನಮ್ಮ ಉದಾಹರಣೆಯಲ್ಲಿ ಅದು ನಿಜದ 124 ಬಾರ್‌ಗೇ ಅಪ್ಪಣೆ ಕೊಟ್ಟುಬಿಡುತ್ತದೆ. ಡೀಸೆಲ್ ಸರಿಯಾಗಿ ಸಿಡಿದು ಹರಡುವುದಿಲ್ಲ, ಅರ್ಧ ಉರಿದು ಬಿಳಿ ಹೊಗೆಯಾಗುತ್ತದೆ.

ಇದನ್ನು ಹಿಡಿಯುವ ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಗಾಡಿ ರಾತ್ರಿಯೆಲ್ಲ ನಿಂತಿರಲಿ. ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಸ್ಕ್ಯಾನರಿನಲ್ಲಿ ರೈಲ್ ಒತ್ತಡ ನೋಡಬೇಕು. ರೈಲ್ ಖಾಲಿ ಒತ್ತಡದಲ್ಲಿದ್ದರೆ ಸೊನ್ನೆಯ ಆಸುಪಾಸು ಬರಬೇಕು. ನಮ್ಮ ಉದಾಹರಣೆಯ ಗಾಡಿಯಲ್ಲಿ 81 ಬಾರ್ ಬರುತ್ತದೆ. ಇಲ್ಲದ ಒತ್ತಡವನ್ನು ಇದೆ ಎನ್ನುವ ಓದು ಸಿಕ್ಕಿದ ಮೇಲೆ ಇಂಜೆಕ್ಟರಿನ ಮಾತೆತ್ತುವ ಅಗತ್ಯವಿಲ್ಲ. ಹಲವು ಇಸಿಯುಗಳು ಈ ಸೊನ್ನೆಯನ್ನು ತಾವೇ ಪರಿಶೀಲಿಸುತ್ತವಾದರೂ ಒಂದು ಮಿತಿ ದಾಟುವವರೆಗೆ ಕೋಡ್ ಹಾಕುವುದಿಲ್ಲ.

ಈ ಪರೀಕ್ಷೆಗೂ ಒಂದು ಕುರುಡು ಮೂಲೆಯಿದೆ. ಕಿಲುಬು ಅರ್ಥಿನಲ್ಲಲ್ಲದೆ 5 ವೋಲ್ಟ್ ಪೂರೈಕೆಯ ಪಿನ್ನಿನಲ್ಲಿದ್ದು ಅಲ್ಲಿ ಅದೇ 0.2 ವೋಲ್ಟ್ ಕಳೆದುಹೋದರೆ ಎಲ್ಲವೂ ತಿರುಗುಮುರುಗು. ಸಿಗ್ನಲ್ ತಗ್ಗುತ್ತದೆ, ಇಸಿಯು ಪಂಪನ್ನು ಏರಿಸುತ್ತದೆ. 300 ಎಂದು ತೋರಿಸುವಾಗ 322, 1200 ಎಂದು ತೋರಿಸುವಾಗ 1259 ಬಾರ್. ದೋಷ ಇಲ್ಲಿ ಹೊರೆಯೊಂದಿಗೆ ಬೆಳೆಯುತ್ತದೆ, ಎಂಜಿನ್ ಸದ್ದು ಗಡುಸಾಗುತ್ತದೆ. ಆದರೆ ಬೆಳಗಿನ ಸೊನ್ನೆಯ ಓದು 0.48 ವೋಲ್ಟ್, ಅಂದರೆ ಸೊನ್ನೆಗಿಂತ 9 ಬಾರ್ ಕೆಳಗೆ. ಎಷ್ಟೋ ಸ್ಕ್ಯಾನರುಗಳು ಅದನ್ನು ಬರೀ ಸೊನ್ನೆ ಎಂದೇ ತೋರಿಸುತ್ತವೆ. ಹಾಗಾಗಿ ಸೊನ್ನೆ ಸರಿಯಿದೆ ಎಂದರೆ ಅರ್ಥ್ ಸರಿಯಿದೆ ಎಂದಷ್ಟೇ ಅರ್ಥ, ಸರ್ಕಿಟ್ ಪೂರ್ತಿ ಸರಿಯಿದೆ ಎಂದಲ್ಲ.

ಎರಡನೆಯ ಪರೀಕ್ಷೆಗೆ ಮಲ್ಟಿಮೀಟರ್ ಬೇಕು, ಮತ್ತು ಅದನ್ನು ಓಮ್ಸ್‌ಗೆ ತಿರುಗಿಸುವ ಚಪಲವನ್ನು ತಡೆಯಬೇಕು. ಓಮ್ಸ್‌ನಲ್ಲಿ ಮೀಟರ್ ಹರಿಸುವ ಕರೆಂಟ್ ತೀರ ಅಲ್ಪ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯೂ ಅದಕ್ಕೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಇಸಿಯು ಪೂರೈಕೆ, ಅದರ ಮುಖ್ಯ ಅರ್ಥ್ ಮೊದಲಾದ ದಪ್ಪ ತಂತಿಗಳಿಗಾದರೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಚ್ಚಿ ನೋಡಬಹುದು. ನಾಲ್ಕೂವರೆ ಆಂಪಿಯರ್ ಎಳೆಯುವ ಬಲ್ಬ್ ಮಂಕಾಗಿ ಉರಿದರೆ ತಂತಿಯ ಹಣೆಬರಹ ಬಯಲಾಗುತ್ತದೆ. ಇಸಿಯು ಒಳಗಿನ ಡ್ರೈವರಿನಿಂದ ಬರುವ ತಂತಿಗೆ ಮಾತ್ರ ಬಲ್ಬ್ ಹಚ್ಚಬಾರದು, ಇಸಿಯು ಸುಟ್ಟೀತು. ಸೆನ್ಸರಿನ ಸಣ್ಣ ತಂತಿಗಳಿಗೆ ಸರಿಯಾದ ವಿಧಾನ ವೋಲ್ಟೇಜ್ ಡ್ರಾಪ್ ನೋಡುವುದು: ಕಪ್ಲರ್ ಸೇರಿಕೊಂಡೇ ಇರಲಿ, ಕೀ ಆನ್ ಇರಲಿ. ಕಪ್ಲರಿನ ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಸೆನ್ಸರಿನ ಅರ್ಥಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಬೇಕು. ಹತ್ತಾರು ಮಿಲಿವೋಲ್ಟ್ ಇದ್ದರೆ ಸರಿ. 200 ಮಿಲಿವೋಲ್ಟ್ ಇದ್ದರೆ ಮೇಲಿನ ಲೆಕ್ಕವೇ ನಿಮ್ಮ ಮುಂದಿದೆ. ತಂತಿಯ ಮೈಗೆ ಸೂಜಿ ಚುಚ್ಚುವ ಅಭ್ಯಾಸ ಬೇಡ. ಇವತ್ತಿನ ಆ ತೂತೇ ಮುಂದಿನ ಮಳೆಗಾಲದ ಕಿಲುಬು. 

ರೈಲ್ ಒತ್ತಡವನ್ನು ನಿಯಂತ್ರಿಸುವ ವಾಲ್ವುಗಳ ಪ್ರಶ್ನೆ ಬೇರೆ ಬಗೆಯದು. ಅಲ್ಲಿ ಮೊದಲು ಕೇಳಬೇಕಾದದ್ದು, ಕರೆಂಟ್ ಇಲ್ಲದಾಗ ಈ ವಾಲ್ವ್ ಯಾವ ಸ್ಥಿತಿಗೆ ಬೀಳುತ್ತದೆ ಎಂಬುದು. ಬಾಷ್‌ನ ಸಿಪಿ3 ಪಂಪಿನ ಮೀಟರಿಂಗ್ ವಾಲ್ವ್ ಕರೆಂಟ್ ಹೋದರೆ ಪೂರ್ತಿ ತೆರೆದುಕೊಳ್ಳುತ್ತದೆ; ತಂತಿ ತುಂಡಾದರೆ ಒತ್ತಡ ಮಿತಿಮೀರಿ ಪಿ0088 ಬರುತ್ತದೆ. ರೈಲಿನ ತುದಿಯಲ್ಲಿರುವ ಒತ್ತಡ ನಿಯಂತ್ರಕ ವಾಲ್ವ್ ಕರೆಂಟಿಲ್ಲದೆ ಬರೀ ಸ್ಪ್ರಿಂಗಿನ ಬಲದ ಮೇಲೆ ನಿಂತು ಸುಮಾರು 100 ಬಾರ್ ಮಾತ್ರ ಹಿಡಿದುಕೊಳ್ಳುತ್ತದೆ. ಅಲ್ಲಿ ತಂತಿ ತುಂಡಾದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ಬರುವ ಕೋಡ್ ಪಿ0087. ದೋಷ ಒಂದೇ, ಲಕ್ಷಣಗಳು ತದ್ವಿರುದ್ಧ. ಡೆನ್ಸೊ ಪಂಪುಗಳಲ್ಲಿ ಕರೆಂಟಿಲ್ಲದಾಗ ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ಎರಡೂ ಬಗೆಯ ವಾಲ್ವುಗಳಿವೆ, ಆದ್ದರಿಂದ ಕಂಪನಿಯ ಮ್ಯಾನುಯಲ್ ನೋಡದೆ ತೀರ್ಪು ಕೊಡುವಂತಿಲ್ಲ. ಅರ್ಧ ಕೆಟ್ಟ ಕಪ್ಲರ್ ಇನ್ನೂ ಜಾಣತನದಿಂದ ಅಡಗಿಕೊಳ್ಳುತ್ತದೆ. ಸುಮಾರು 3 ಓಮ್ ಇರುವ ವಾಲ್ವಿನ ಜೊತೆ ಕಿಲುಬಿನ ಇನ್ನೊಂದು ಓಮ್ ಸೇರಿದರೂ ಇಸಿಯು ತನ್ನ ಪಲ್ಸಿನ ಡ್ಯೂಟಿ ಏರಿಸಿ ಬೇಕಾದ ಕರೆಂಟ್ ಹರಿಸಿಬಿಡುತ್ತದೆ. ಒತ್ತಡದ ಅಂಕಿಯಲ್ಲಿ ದೋಷದ ಸುಳಿವೇ ಇರುವುದಿಲ್ಲ. ಡ್ಯೂಟಿಯ ಶೇಕಡಾವನ್ನು ಅದೇ ಮಾದರಿಯ ಒಳ್ಳೆಯ ಗಾಡಿಯೊಂದರ ಜೊತೆ ಹೋಲಿಸಿ ನೋಡಿದವರಿಗಷ್ಟೇ ಸಿಗುತ್ತದೆ.

ಸೆನ್ಸರುಗಳ 5 ವೋಲ್ಟ್ ಪೂರೈಕೆಯನ್ನು ಹಲವು ಎಂಜಿನ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಯಾವುದೋ ಮೂಲೆಯ ಸೆನ್ಸರ್ ಶಾರ್ಟ್ ಆದರೆ ರೈಲ್ ಸೆನ್ಸರಿನ ಪಿ0192 ಜೊತೆಗೆ ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕಾರು ಕೋಡ್‌ಗಳೂ ಒಟ್ಟಿಗೆ ಬರುತ್ತವೆ. ಮೀಟರನ್ನು 5 ವೋಲ್ಟ್ ತಂತಿಯ ಮೇಲೆ ಇಟ್ಟು ಆ ಸಾಲಿನ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಮರಳುವುದೋ ಅದೇ ಆರೋಪಿ.

ಸುರಕ್ಷತೆಯ ಎರಡು ಮಾತುಗಳನ್ನು ಬಿಡುವಂತಿಲ್ಲ. ಹಳೆಯ ಪಂಪುಗಳಲ್ಲಿ ಏರ್ ತೆಗೆಯಲು ಇಂಜೆಕ್ಟರಿನ ಯೂನಿಯನ್ ನಟ್ ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದ ರೂಢಿ ಕಾಮನ್ ರೈಲಿಗೆ ಸಲ್ಲ. ಸಾವಿರ ಬಾರ್ ದಾಟಬಲ್ಲ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಇಂಜೆಕ್ಟರಿನ ತಂತಿಗಳಲ್ಲಿ 12 ವೋಲ್ಟ್ ಮಾತ್ರ ಇರುತ್ತದೆ ಎಂಬ ನಂಬಿಕೆಯೂ ತಪ್ಪು. ಸೊಲೆನಾಯ್ಡ್ ಇಂಜೆಕ್ಟರನ್ನು ತೆರೆಯಲು ಇಸಿಯು 65 ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಪೀಜೋ ಇಂಜೆಕ್ಟರುಗಳಲ್ಲಿ ಅದು ನೂರು ವೋಲ್ಟನ್ನೂ ಮೀರುತ್ತದೆ. ಎಂಜಿನ್ ಓಡುತ್ತಿರುವಾಗ ಅಲ್ಲಿ ಕೈಯಾಡಿಸುವುದಾಗಲಿ ಕಪ್ಲರ್ ಎಳೆಯುವುದಾಗಲಿ ಸಲ್ಲದು.

ಇನ್ನು ಸೆನ್ಸರ್ ಬದಲಾಯಿಸಿ ನೋಡುವ ಪದ್ಧತಿ. ಕೆಲವೊಮ್ಮೆ ಅದರಿಂದ ಗಾಡಿ ಸರಿಹೋಗುತ್ತದೆ, ಮತ್ತು ಗೊಂದಲ ಹುಟ್ಟುವುದು ಆಗಲೇ. ಕಪ್ಲರ್ ಎಳೆದು ಹೊಸ ಸೆನ್ಸರಿಗೆ ಸಿಕ್ಕಿಸುವಾಗ ಪಿನ್ನುಗಳು ಒಂದಕ್ಕೊಂದು ತಿಕ್ಕಿ ಕಿಲುಬಿನ ಪದರ ಒಂದಿಷ್ಟು ಕೆರೆದುಹೋಗುತ್ತದೆ. ಅರ್ಥ್ ಮತ್ತೆ ಕೂಡುತ್ತದೆ, ಬೆಳಗಿನ ಓದು ಸೊನ್ನೆಗೆ ಬರುತ್ತದೆ, ಕೀರ್ತಿ ಹೊಸ ಸೆನ್ಸರಿಗೆ ಹೋಗುತ್ತದೆ. ಕೆಲವು ವಾರ ಕಳೆದು ತೇವ ಮತ್ತೆ ಕೆಲಸ ಮಾಡಿದಾಗ ಅದೇ ಬಿಳಿ ಹೊಗೆ ಮರಳುತ್ತದೆ. ಸೆನ್ಸರ್ ಡ್ಯೂಪ್ಲಿಕೇಟ್ ಎಂದು ಬಿಡಿಭಾಗದ ಅಂಗಡಿಯವನ ಮೇಲೆ ಸಿಟ್ಟು. ಸೆನ್ಸರ್ ಕೆಟ್ಟಿತ್ತೋ ಕಪ್ಲರ್ ಕೆಟ್ಟಿತ್ತೋ ಎಂಬುದನ್ನು ಬೇರ್ಪಡಿಸುವ ಅಳತೆ ಕಪ್ಲರನ್ನು ಮುಟ್ಟುವ ಮೊದಲು ತೆಗೆದದ್ದೇ ಆಗಿರಬೇಕು. ಒಮ್ಮೆ ಬಿಚ್ಚಿದ ಮೇಲೆ ಪುರಾವೆ ಅಳಿಸಿಹೋಗಿರುತ್ತದೆ. ಜಾಬ್ ಕಾರ್ಡಿನಲ್ಲಿ ಬೆಳಗಿನ ಸೊನ್ನೆಯ ಓದನ್ನೂ ಅರ್ಥಿನ ಮಿಲಿವೋಲ್ಟನ್ನೂ ಬಿಚ್ಚುವ ಮುನ್ನ, ಮತ್ತೆ ಸೇರಿಸಿದ ಮೇಲೆ, ಎರಡು ಸಲ ಬರೆದಿಟ್ಟರೆ ಸಾಕು. ಹಳೆಯ ಸೆನ್ಸರನ್ನೇ ಬಿಚ್ಚಿ ಮತ್ತೆ ಸಿಕ್ಕಿಸಿದಾಗ ಓದು ಸರಿಹೋದರೆ ಬದಲಾಯಿಸಬೇಕಾದದ್ದು ಕಪ್ಲರಿನ ಪಿನ್ನನ್ನು, ಸೆನ್ಸರನ್ನಲ್ಲ.