ಅಯನದ ದಿನ ಬೆಟ್ಟದ ಮೇಲೆ



ಸೊರೆಂಟೊ ವ್ಯಾಲಿಯ ಸುತ್ತಮುತ್ತ ನೆಲೆಸಿರುವ ನಮಗೆ ಜೂನ್ ತಿಂಗಳೆಂದರೆ ಮೋಡದ ತಿಂಗಳು. ೫ನೆಯ ಮತ್ತು ೮೦೫ನೆಯ ಹೆದ್ದಾರಿಗಳು ಕೂಡುವ ಈ ಕಣಿವೆ ಸಮುದ್ರದ ಕಡೆಗೆ ಬಾಯಿ ತೆರೆದುಕೊಂಡಿದೆ. ಪೆಸಿಫಿಕ್ ಸಾಗರದ ತಣ್ಣನೆಯ ನೀರಿನ ಮೇಲೆ ತಂಗಿದ ತೇವದ ಗಾಳಿ, ತನ್ನ ಮೇಲಿರುವ ಬಿಸಿಗಾಳಿಯ ಪದರವನ್ನು ದಾಟಿ ಏಳಲಾರದೆ, ಇರುಳಿನಲ್ಲಿ ಮೋಡವಾಗಿ ಕಣಿವೆಯೊಳಗೆ ಹರಿದುಬರುತ್ತದೆ. ಇಲ್ಲಿನವರು ಇದನ್ನು 'ಜೂನ್ ಗ್ಲೂಮ್' ಎಂದು ಕರೆಯುತ್ತಾರೆ. ಹೀಗಾಗಿ ವರ್ಷದ ಅತಿ ದೀರ್ಘವಾದ ಹಗಲು, ಅಂದರೆ ಜೂನ್ ೨೦ ಅಥವಾ ೨೧, ಎಷ್ಟೋ ವರ್ಷ ನಮ್ಮ ಗಮನಕ್ಕೆ ಬಾರದೆಯೇ ಕಳೆದುಹೋಗುತ್ತದೆ.

ಆದರೆ ಮಕ್ಕಳು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಸೂರ್ಯನು ದಕ್ಷಿಣಕ್ಕೆ ತಿರುಗುವುದು ಜೂನ್ ೨೧ರಂದು ಎಂದು ಶಾಲೆಯಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಊರಿನಿಂದ ಬಂದ ಪಂಚಾಂಗ ನೋಡಿದರೆ ಕರ್ಕಾಟಕ ಸಂಕ್ರಮಣ, ದಕ್ಷಿಣಾಯನ ಪುಣ್ಯಕಾಲ ಜುಲೈ ೧೬ರ ಸುಮಾರಿಗೆ ಇರುತ್ತದೆ. ನಡುವೆ ಸುಮಾರು ೨೫ ದಿನಗಳ ಅಂತರ. ಯಾವುದು ಸರಿ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತೇವೆ. ಒಂದು, 'ಅದು ಇಂಗ್ಲಿಷರ ಲೆಕ್ಕ, ಇದು ನಮ್ಮ ಲೆಕ್ಕ.' ಇನ್ನೊಂದು, 'ನಮ್ಮದು ಹಳೆಯದು, ತಪ್ಪಿದೆ.' ಈ ಎರಡು ಉತ್ತರಗಳೂ ನಮ್ಮ ಚರಿತ್ರೆಗೆ ನ್ಯಾಯ ಒದಗಿಸುವುದಿಲ್ಲ ಎಂಬುದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ನಮ್ಮ ಪ್ರಾಚೀನ ಗ್ರಂಥಗಳ ಕಡೆ ನೋಡೋಣ. ಸಮಯ ನಿರ್ಣಯಕ್ಕೆ ಮೀಸಲಾದ ನಮ್ಮ ಅತ್ಯಂತ ಹಳೆಯ ಗ್ರಂಥ ವೇದಾಂಗ ಜ್ಯೋತಿಷ. ಸೂರ್ಯನು ಧನಿಷ್ಠೆಯ ಆದಿಯಲ್ಲಿ ಉತ್ತರಕ್ಕೂ ಆಶ್ಲೇಷೆಯ ಮಧ್ಯದಲ್ಲಿ ದಕ್ಷಿಣಕ್ಕೂ ತಿರುಗುತ್ತಾನೆ ಎಂದು ಅದು ಹೇಳುತ್ತದೆ. ಇದು ಕ್ರಿಸ್ತಪೂರ್ವ ೧೪ರಿಂದ ೧೨ನೆಯ ಶತಮಾನಗಳ ಆಕಾಶಕ್ಕೆ ಹೊಂದುತ್ತದೆ ಎಂಬುದು ವಿದ್ವಾಂಸರ ಗಣನೆ. ಅದೇ ಗ್ರಂಥ ಅತಿ ದೀರ್ಘ ಹಗಲನ್ನು ೧೮ ಮುಹೂರ್ತ, ಅತಿ ಚಿಕ್ಕ ಹಗಲನ್ನು ೧೨ ಮುಹೂರ್ತ ಎಂದು ಹೇಳುತ್ತದೆ. ಒಂದು ಮುಹೂರ್ತಕ್ಕೆ ೪೮ ನಿಮಿಷ; ೧೮ ಮುಹೂರ್ತವೆಂದರೆ ೧೪ ಗಂಟೆ ೨೪ ನಿಮಿಷ. ಇಷ್ಟು ಉದ್ದದ ಹಗಲು ಕರ್ನಾಟಕದಲ್ಲಿ ಎಂದೂ ಇಲ್ಲ. ಬೆಂಗಳೂರಿನ ಅತಿ ದೀರ್ಘ ಹಗಲು ೧೩ ಗಂಟೆಯನ್ನೂ ಮುಟ್ಟುವುದಿಲ್ಲ. ಆದರೆ ಸ್ಯಾನ್ ಡಿಯೇಗೊದಲ್ಲಿ ಅದು ಸುಮಾರು ೧೪ ಗಂಟೆ ೧೮ ನಿಮಿಷ. ಲಾಸ್ ಏಂಜಲೀಸ್‌ನಲ್ಲಿ ಸುಮಾರು ೧೪ ಗಂಟೆ ೨೬ ನಿಮಿಷ. ಆ ಲೆಕ್ಕ ವಾಯವ್ಯ ಭಾರತದ, ಅಂದರೆ ಕಾಶ್ಮೀರ ಗಾಂಧಾರಗಳ ಅಕ್ಷಾಂಶಕ್ಕೆ ಹೊಂದುವುದೆಂದು ಹಲವರು ಹೇಳಿದ್ದಾರೆ. ಬ್ಯಾಬಿಲೋನಿನ ಪ್ರಭಾವವೆಂದು ಬೇರೆ ಕೆಲವರು ವಾದಿಸಿದ್ದಾರೆ. ವಾದ ಏನೇ ಇರಲಿ, ನಮ್ಮ ಹಿರಿಯರು ಗ್ರಂಥದಲ್ಲಿ ಓದಿ ಕಣ್ಣಿನಿಂದ ಕಾಣದ ಹಗಲನ್ನು ನಾವು ಇಲ್ಲಿ ಪ್ರತಿ ವರ್ಷವೂ ಕಾಣುತ್ತಿದ್ದೇವೆ.

ಎರಡನೆಯ ಸಾಕ್ಷಿ ೬ನೆಯ ಶತಮಾನದ ವರಾಹಮಿಹಿರ. ಬೃಹತ್ಸಂಹಿತೆಯ ಆದಿತ್ಯಚಾರ ಅಧ್ಯಾಯದ ಆರಂಭದಲ್ಲಿಯೇ ಆತ ಈ ವಿಷಯವನ್ನು ಎತ್ತುತ್ತಾನೆ. ಆಶ್ಲೇಷೆಯ ನಡುವಿನಿಂದ ದಕ್ಷಿಣಾಯನವೆಂದು ಪೂರ್ವಶಾಸ್ತ್ರಗಳು ಹೇಳುತ್ತವೆ, ಹಿಂದೊಮ್ಮೆ ಹಾಗೆಯೇ ಇದ್ದಿರಬೇಕು; ಆದರೆ ಈಗ ಅದು ಕರ್ಕಾಟಕದ ಆದಿಯಲ್ಲಿ ನಡೆಯುತ್ತಿದೆ ಎಂಬುದು ಅವನ ಮಾತಿನ ತಾತ್ಪರ್ಯ. ಸಂದೇಹವಿದ್ದವರು ಏನು ಮಾಡಬೇಕೆಂಬುದನ್ನೂ ಹೇಳುತ್ತಾನೆ: ಸೂರ್ಯನ ಉದಯಾಸ್ತಗಳಲ್ಲಿ ದೂರದ ಗುರುತನ್ನು ಇಟ್ಟು ನೋಡಬೇಕು, ಇಲ್ಲವೇ ದೊಡ್ಡ ವೃತ್ತದ ನಡುವೆ ಶಂಕುವನ್ನು ನಿಲ್ಲಿಸಿ ಅದರ ನೆರಳು ವೃತ್ತವನ್ನು ಹೊಗುವ ಮತ್ತು ಬಿಡುವ ಸ್ಥಾನಗಳನ್ನು ಪರೀಕ್ಷಿಸಬೇಕು. ಶಾಸ್ತ್ರವನ್ನು ಬಲ್ಲ ಪಂಡಿತನೊಬ್ಬ, ಶಾಸ್ತ್ರಕ್ಕೂ ಆಕಾಶಕ್ಕೂ ಭೇದ ಕಂಡಾಗ, ಹೊರಗೆ ಹೋಗಿ ನೋಡಿರೆಂದು ಹೇಳಿದ್ದು ಚಿಕ್ಕ ಸಂಗತಿಯಲ್ಲ.

ಈ ಭೇದಕ್ಕೆ ಕಾರಣ ಭೂಮಿಯ ಅಕ್ಷದ ನಿಧಾನವಾದ ತೂಗಾಟ. ಅದರಿಂದಾಗಿ ನಕ್ಷತ್ರಗಳನ್ನು ಆಧರಿಸಿದ ಸಂಕ್ರಮಣಕ್ಕೂ ಋತುವನ್ನು ಆಧರಿಸಿದ ಅಯನಕ್ಕೂ ನಡುವೆ ಸುಮಾರು ೭೧ ವರ್ಷಗಳಿಗೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸುಮಾರು ೧೭೦೦ ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ವರಾಹಮಿಹಿರನ ಕಾಲದಲ್ಲಿಯೂ ಅವು ಹತ್ತಿರವೇ ಇದ್ದವು. ಅಂದು ಕೂಡಿದ್ದ ಹೆಸರುಗಳು ಇಂದಿಗೂ ಕೂಡಿಯೇ ಉಳಿದಿವೆ. ಆಕಾಶ ಮಾತ್ರ ಮುಂದೆ ಸಾಗಿದೆ. ಆದುದರಿಂದ ಪಂಚಾಂಗದ ಸಂಕ್ರಮಣ ಸುಳ್ಳಲ್ಲ. ಸೂರ್ಯನು ಕರ್ಕಾಟಕ ರಾಶಿಯನ್ನು ಪ್ರವೇಶಿಸುವ ದಿನವನ್ನು ಅದು ತನ್ನ ಪದ್ಧತಿಯಂತೆ ಸರಿಯಾಗಿಯೇ ಹೇಳುತ್ತದೆ. ಆ ದಿನವೇ ಅಯನವೂ ಆರಂಭವಾಗುತ್ತದೆಂಬ ಭಾವನೆ ಮಾತ್ರ ಹಿಂದಿನ ಕಾಲದ್ದು. ಸ್ವತಂತ್ರ ಭಾರತದಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಇದನ್ನು ವಿವರವಾಗಿ ಪರಿಶೀಲಿಸಿತು. ೧೯೫೭ರ ಮಾರ್ಚ್ ೨೨ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಆಷಾಢದ ಮೊದಲ ದಿನ ಜೂನ್ ೨೨ಕ್ಕೆ ಬರುತ್ತದೆ. ಅಯನಕ್ಕೆ ಅದು ಅಂಟಿಕೊಂಡಿದೆ. ಸರ್ಕಾರಿ ಕಾಗದಗಳ ಮೇಲೆ ಅದು ಉಳಿಯಿತು. ಮನೆಯ ಹಬ್ಬಗಳು ಹಳೆಯ ದಾರಿಯಲ್ಲಿಯೇ ನಡೆದವು.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಶಿವಲಿಂಗವನ್ನು ಸ್ಪರ್ಶಿಸುತ್ತದೆ. ಆ ದಿನ ಅಲ್ಲಿ ಜನಸಾಗರ ಸೇರುತ್ತದೆ. ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಬೆಳಕು ನವೆಂಬರ್ ಕೊನೆಯ ಸುಮಾರಿಗೆ ಇನ್ನೊಮ್ಮೆ ಬೀಳುವುದನ್ನು ತೋರಿಸಿದರು. ಕಾರಣ ಸರಳ. ನಿಜವಾದ ಅಯನ ಡಿಸೆಂಬರ್ ೨೧ರ ಸುಮಾರಿಗೆ. ಜನವರಿ ೧೪ ಅದರ ನಂತರದ ೨೪ನೆಯ ದಿನ. ನವೆಂಬರ್ ೨೭ ಅದರ ಹಿಂದಿನ ೨೪ನೆಯ ದಿನ. ಎರಡು ದಿನಗಳಲ್ಲಿಯೂ ಸೂರ್ಯ ಆಕಾಶದ ಒಂದೇ ಹಾದಿಯಲ್ಲಿ ಇಳಿಯುತ್ತಾನೆ. ನವೆಂಬರ್‌ನ ಬೆಳಕನ್ನು ಕಾಣಲು ಜನಸಾಗರ ಸೇರುವುದಿಲ್ಲ, ಏಕೆಂದರೆ ಪಂಚಾಂಗ ಆ ದಿನವನ್ನು ಹೇಳುವುದಿಲ್ಲ. ನಮಗೆ ದಿನಾಂಕ ಪರಂಪರೆಯಾಗಿ ಬಂದಿದೆ. ನೋಡುವ ಅಭ್ಯಾಸ ಬಂದಿಲ್ಲ.

ಆ ಅಭ್ಯಾಸ ನಮ್ಮ ನಾಡಿನಲ್ಲಿ ಗ್ರಂಥಗಳಿಗೂ ಹೊರಗೆ ಇತ್ತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಕೆಳದಿ ಅರಸರ ರಾಜಧಾನಿಯಾಗಿದ್ದ ನಗರದ ಆಸುಪಾಸಿನಲ್ಲಿ, ನಿಲಸ್ಕಲ್ ಮತ್ತು ಬೈಸೆ ಎಂಬ ಹಳ್ಳಿಗಳಿವೆ. ಅಲ್ಲಿ ಬೃಹತ್ ಶಿಲಾಯುಗದ ಸಂಸ್ಕೃತಿಗೆ ಸೇರಿದ ನಿಲುಗಲ್ಲುಗಳಿವೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಕೈಲಾಶ್ ರಾವ್ ಅವರು ಇವನ್ನು ಅಳೆದು, ಹಲವು ಜೋಡಿ ಕಲ್ಲುಗಳನ್ನು ಕೂಡಿಸುವ ಗೆರೆಗಳು ಅಯನ ಕಾಲದ ಸೂರ್ಯೋದಯ ಸೂರ್ಯಾಸ್ತಗಳ ಕಡೆಗೆ ತೋರುತ್ತವೆಂದು ೨೦೧೨ರಲ್ಲಿ ಪ್ರಕಟಿಸಿದರು. ಮಲೆನಾಡಿನ ಜೂನ್ ತಿಂಗಳನ್ನು ಬಲ್ಲವರಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ಮುಂಗಾರು ಹಿಡಿದ ಮೇಲೆ ಅಲ್ಲಿ ಸೂರ್ಯ ಕಾಣುವುದೆಲ್ಲಿ? ಆದರೆ ಅಯನದ ಆಚೆಗೊಂದು ವಾರ ಈಚೆಗೊಂದು ವಾರ, ಉದಯದ ಸ್ಥಾನ ಸೂರ್ಯಬಿಂಬದ ಅಗಲದಷ್ಟೂ ಸರಿಯುವುದಿಲ್ಲ. ಆ ಎರಡು ವಾರಗಳಲ್ಲಿ ಒಂದು ಬೆಳಗು ಹೊಳವಾದರೆ ಸಾಕು. ಸಿಕ್ಕ ಒಂದು ನೋಟವನ್ನು ಕಲ್ಲಿನಲ್ಲಿ ನಿಲ್ಲಿಸಿದರೆ ಮುಂದಿನ ತಲೆಮಾರು ಮೋಡದ ವರ್ಷದಲ್ಲಿಯೂ ದಿಕ್ಕು ತಪ್ಪುವುದಿಲ್ಲ.

ಈಗ ನಾವಿರುವ ನೆಲಕ್ಕೆ ಬರೋಣ. ಸೊರೆಂಟೊ ವ್ಯಾಲಿ ಇಂದು ಕಚೇರಿಗಳ, ಪ್ರಯೋಗಾಲಯಗಳ ಕಣಿವೆ. ಆದರೆ ಸ್ಪೇನ್ ದೇಶದವರು ೧೭೬೯ರಲ್ಲಿ ಈ ಕರಾವಳಿಗೆ ಬಂದಾಗ ಇಲ್ಲಿ ಕುಮೆಯಾಯ್ ಜನರ ಇಸ್ಟಾಗುವಾ ಎಂಬ ಊರಿತ್ತು. ಆ ಜನರೂ ಸೂರ್ಯನ ತಿರುವನ್ನು ಬೆಟ್ಟದ ಮೇಲೆ ನಿಂತು ಗುರುತಿಸುತ್ತಿದ್ದರು. ಸ್ಯಾನ್ ಡಿಯೇಗೊ ನಗರದ ಎಲ್ಲೆಯೊಳಗಿನ ಅತಿ ಎತ್ತರದ ಸ್ಥಳವಾದ, ಸುಮಾರು ೧೫೯೦ ಅಡಿಯ ಕೌಲ್ಸ್ ಪರ್ವತ ಅವರು ಚಳಿಗಾಲದ ಅಯನದ ಸೂರ್ಯೋದಯವನ್ನು ನೋಡುತ್ತಿದ್ದ ತಾಣ. ಡಿಸೆಂಬರ್‌ನಲ್ಲಿ ಅಲ್ಲಿಗೆ ಇಂದಿಗೂ ನಸುಕಿನಲ್ಲಿ ಜನ ಹತ್ತುತ್ತಾರೆ. ನಮ್ಮ ಮನೆಗಳಿಂದ ಅರ್ಧ ಗಂಟೆಯ ದಾರಿ. ಹಾಗಿದ್ದರೂ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ಬೇಸಿಗೆಯ ಅಯನಕ್ಕೆ ಇನ್ನೂ ಎತ್ತರಕ್ಕೆ ಹೋಗಬೇಕು, ಮೋಡದ ಪದರವನ್ನು ದಾಟಬೇಕು. ಅದಕ್ಕೆ ತಕ್ಕ ಊರು ಜೂಲಿಯನ್. ೧೮೭೦ರ ಸುಮಾರಿನ ಚಿನ್ನದ ಅವಸರದಲ್ಲಿ ಹುಟ್ಟಿ, ಚಿನ್ನ ತೀರಿದ ಮೇಲೆ ಸೇಬಿನ ತೋಟಗಳಿಂದ ಬದುಕಿಕೊಂಡ ಈ ಬೆಟ್ಟದ ಊರು ಸುಮಾರು ೪೨೦೦ ಅಡಿ ಎತ್ತರದಲ್ಲಿದೆ. ಸಮುದ್ರದ ಮೋಡ ಸಾಮಾನ್ಯವಾಗಿ ಅಷ್ಟು ಮೇಲಕ್ಕೆ ಏರುವುದಿಲ್ಲ. ಅದರ ದಕ್ಷಿಣಕ್ಕಿರುವ ಕ್ವಿಯಾಮಾಕಾ ಬೆಟ್ಟಗಳ ಹೆಸರಿಗೆ ಕುಮೆಯಾಯ್ ನುಡಿಯಲ್ಲಿ 'ಮೋಡದ ಹಿಂದೆ' ಎಂಬ ಅರ್ಥವನ್ನು ಹೇಳುತ್ತಾರೆ. ಬೆಚ್ಚಗಿನ ತಿಂಗಳುಗಳಲ್ಲಿ ಆ ಜನ ಬೆಟ್ಟಕ್ಕೆ ಏರಿ, ಓಕ್ ಮರದ ಕಾಯಿಗಳನ್ನು ಕೂಡಿಟ್ಟು ಕುಟ್ಟುತ್ತಿದ್ದರು. ಬಂಡೆಗಳಲ್ಲಿ ಅವರ ಒರಳುಗುಳಿಗಳು ಇನ್ನೂ ಇವೆ. ನಮ್ಮ ಹಿತ್ತಿಲಿನ ಒರಳುಕಲ್ಲನ್ನು ಕಂಡವರಿಗೆ ಅವುಗಳ ಗುರುತು ಹೇಳಿಕೊಡಬೇಕಾಗಿಲ್ಲ. ೨೦೨೧ರಲ್ಲಿ ಜೂಲಿಯನ್‌ಗೆ ಕತ್ತಲೆಯ ಆಕಾಶವನ್ನು ಕಾಪಾಡುವ ಊರೆಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ಹಗಲು ಸೂರ್ಯನನ್ನೂ ಇರುಳು ನಕ್ಷತ್ರಗಳನ್ನೂ ಅಲ್ಲಿ ಒಂದೇ ದಿನ ನೋಡಬಹುದು.

ಆದುದರಿಂದ ನಮ್ಮದೊಂದು ಸಲಹೆ. ಬರುವ ಜೂನ್ ೨೧ರ ಸುಮಾರಿನ ಶನಿವಾರವೋ ಭಾನುವಾರವೋ, ಬುತ್ತಿ ಕಟ್ಟಿಕೊಂಡು, ಅಜ್ಜ ಅಜ್ಜಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಜೂಲಿಯನ್ ಕಡೆಗೆ ಹೋಗೋಣ. ಸಮತಟ್ಟಾದ ಬಯಲಿನಲ್ಲಿ ಆರು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸೋಣ. ಅದರ ಸುತ್ತ ಹಗ್ಗದಿಂದ ವೃತ್ತ ಎಳೆಯೋಣ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಸ್ಥಾನದಲ್ಲಿ ಒಂದು ಕಲ್ಲು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವ ಸ್ಥಾನದಲ್ಲಿ ಇನ್ನೊಂದು ಕಲ್ಲು ಇಡೋಣ. ಎರಡನ್ನೂ ಕೂಡಿಸಿದರೆ ಪೂರ್ವ ಪಶ್ಚಿಮ ಸಿಗುತ್ತದೆ. ಇದು ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವ ವಿಧಾನ. ಇದಕ್ಕೆ ಗಡಿಯಾರವೂ ದಿಕ್ಸೂಚಿಯೂ ಬೇಡ. ಸೂರ್ಯನನ್ನು ನೇರವಾಗಿ ದಿಟ್ಟಿಸುವುದು ಕಣ್ಣಿಗೆ ಅಪಾಯ. ನೆರಳೇ ಎಲ್ಲವನ್ನೂ ಹೇಳುತ್ತದೆ. ಅಲ್ಲಿನ ನಡುಹಗಲು ಗಡಿಯಾರದಂತೆ ೧೨ ಗಂಟೆ ೪೮ ನಿಮಿಷದ ಸುಮಾರಿಗೆ. ಆಗ ಆರು ಅಡಿಯ ಕೋಲಿನ ನೆರಳು ಸುಮಾರು ೧೨ ಅಂಗುಲ, ಉತ್ತರಕ್ಕೆ. ವರ್ಷದ ಬೇರೆ ಯಾವ ನಡುಹಗಲಿನಲ್ಲಿಯೂ ಅದು ಅದಕ್ಕಿಂತ ಗಿಡ್ಡವಾಗುವುದಿಲ್ಲ.

ಅದೇ ವಾರ ಬೆಂಗಳೂರಿನಲ್ಲಿರುವ ಅಣ್ಣನಿಗೋ ತಂಗಿಗೋ ಫೋನ್ ಮಾಡಿ, ಮೋಡ ಬಿಟ್ಟುಕೊಟ್ಟರೆ, ಅವರ ಅಂಗಳದಲ್ಲಿಯೂ ಆರು ಅಡಿಯ ಕೋಲನ್ನು ನಿಲ್ಲಿಸಲು ಹೇಳೋಣ. ಅಲ್ಲಿ ನಡುಹಗಲಿನ ನೆರಳು ಸುಮಾರು ೧೩ ಅಂಗುಲ ಇರುತ್ತದೆ, ಆದರೆ ದಕ್ಷಿಣಕ್ಕೆ. ಆ ದಿನ ಸೂರ್ಯ ಅವರಿಗೆ ನೆತ್ತಿಯ ಉತ್ತರದಲ್ಲಿಯೂ ನಮಗೆ ನೆತ್ತಿಯ ದಕ್ಷಿಣದಲ್ಲಿಯೂ ಇರುತ್ತಾನೆ. ಅವನು ನೇರವಾಗಿ ನೆತ್ತಿಗೆ ಬರುವ ಕರ್ಕಾಟಕ ವೃತ್ತ ನಮ್ಮಿಬ್ಬರ ಅಕ್ಷಾಂಶಗಳ ನಡುವೆ, ಹೆಚ್ಚು ಕಡಿಮೆ ಮಧ್ಯದಲ್ಲಿಯೇ, ಹಾದುಹೋಗುತ್ತದೆ.

ಜುಲೈ ತಿಂಗಳಲ್ಲಿ ಸಂಕ್ರಮಣ ಬಂದಾಗ ಎಂದಿನಂತೆ ಪೂಜೆ, ತರ್ಪಣಗಳನ್ನು ಮಾಡೋಣ. ಅದನ್ನು ಬಿಡಬೇಕಾದ ಕಾರಣವಿಲ್ಲ. ಮಕ್ಕಳು ಮತ್ತೆ ಆ ಪ್ರಶ್ನೆ ಕೇಳಿದರೆ, ಎರಡು ದಿನಗಳೂ ನಮ್ಮವೇ ಎಂದು ಹೇಳೋಣ: ಒಂದು ಹಿರಿಯರು ಲೆಕ್ಕ ಹಾಕಿ ಕೊಟ್ಟದ್ದು, ಇನ್ನೊಂದು ಹೊರಗೆ ಹೋಗಿ ನೋಡಿರೆಂದು ಅವರೇ ಹೇಳಿದ್ದು. ಎರಡನೆಯದನ್ನು ಬಹುಕಾಲದಿಂದ ಮಾಡದೆ ಬಂದಿದ್ದೇವೆ. ಅದನ್ನು ಈ ಜೂನ್‌ನಲ್ಲಿ ಪ್ರಾರಂಭಿಸಬಹುದು.