ಎದುರಾದ ಬೋಟು ಯಾರದು? ಅರಬ್ಬೀ ಸಮುದ್ರದ ಅಪರಿಚಿತ ಮುಖಾಮುಖಿಗಳಲ್ಲಿ ನಿಯಮ, ಸಂಶಯ ಮತ್ತು ಸಮಯ

2012ರ ಫೆಬ್ರುವರಿ 15ರ ಸಂಜೆ ನಾಲ್ಕೂವರೆಯ ಸುಮಾರಿಗೆ, ಕೇರಳದ ತೀರದಿಂದ 20.5 ನಾಟಿಕಲ್ ಮೈಲಿ ಆಚೆ, ಎರಡು ನೌಕೆಗಳು ಒಂದಕ್ಕೊಂದು ಹತ್ತಿರವಾದವು. ಒಂದು ಇಟಲಿ ಧ್ವಜದ ತೈಲ ಹಡಗು ಎನ್ರಿಕಾ ಲೆಕ್ಸಿ. ಜಿಬೂಟಿಯತ್ತ ಹೊರಟಿದ್ದ ಅದರ ಮೇಲೆ ಕಡಲ್ಗಳ್ಳರಿಂದ ಕಾಯಲೆಂದು ಇಟಲಿ ನೌಕಾಪಡೆಯ ಆರು ಮಂದಿ ಇದ್ದರು. ಇನ್ನೊಂದು ಸೇಂಟ್ ಆಂಟನಿ ಎಂಬ ಮೀನುಗಾರಿಕೆ ಬೋಟು. ಅದರಲ್ಲಿ ಹನ್ನೊಂದು ಜನ. ಹಡಗಿನಿಂದ ಗುಂಡು ಹಾರಿತು. ಬೋಟಿನ ಇಬ್ಬರು ಸತ್ತರು. ಇಟಲಿಯ ಕಡೆಯವರು ಹೇಳಿದ್ದು: ಬೋಟು ಡಿಕ್ಕಿಯ ದಾರಿಯಲ್ಲೇ ಬಂತು, ಎಚ್ಚರಿಕೆಗೆ ಓಗೊಡಲಿಲ್ಲ, ಕಡಲ್ಗಳ್ಳರೆಂದು ತಿಳಿದೆವು. ಬೋಟಿನವರು ಹೇಳಿದ್ದು: ಎಚ್ಚರಿಕೆ ಎಂಬುದೇ ಇರಲಿಲ್ಲ, ನಮ್ಮಲ್ಲಿ ಹೆಚ್ಚಿನವರು ನಿದ್ದೆಯಲ್ಲಿದ್ದೆವು.

ಈ ಪ್ರಕರಣ ಮುಂದೆ ಒಂಬತ್ತು ವರ್ಷ ನ್ಯಾಯಾಲಯಗಳನ್ನು ಸುತ್ತಿತು. ಚರ್ಚೆಯ ಬಹುಪಾಲು ವಿಚಾರಣೆ ಯಾವ ದೇಶದ ಹಕ್ಕು ಎಂಬುದರ ಸುತ್ತಲೇ ನಡೆಯಿತು. ಅದಕ್ಕೂ ಹಿಂದಿನ ಪ್ರಶ್ನೆಯೊಂದು ಉಳಿದೇ ಹೋಯಿತು: ತನ್ನ ಪಾಡಿಗೆ ಸಾಗುತ್ತಿದ್ದ ಬೋಟೊಂದು ಮೇಲಿನ ಅಟ್ಟದಲ್ಲಿ ನಿಂತವರ ಕಣ್ಣಿಗೆ ದಾಳಿಕೋರನಾಗಿ ಕಂಡದ್ದು ಹೇಗೆ? ಈ ಲೇಖನ ಆ ಪ್ರಶ್ನೆಯನ್ನು ಹಿಡಿದು ಹೊರಡುತ್ತದೆ. ನನ್ನ ವಾದ ಇಷ್ಟು. ಅಪರಿಚಿತ ಎಂಬುದು ಬೋಟಿನ ಗುಣವಲ್ಲ. ನೋಡುವವರ ಬಳಿ ಇರುವ ತಿಳಿವಿನ ಕೊರತೆ. ಆ ಕೊರತೆಯನ್ನು ತುಂಬಿಕೊಳ್ಳಲು ನಾವಿಕರ ಹಳೆಯ ನಿಯಮಗಳಲ್ಲಿ ದಾರಿಯಿದೆ. ಕಡಲ್ಗಳ್ಳತನದ ಭಯದ ವರ್ಷಗಳಲ್ಲಿ ಆ ದಾರಿ ಬಿಟ್ಟುಹೋಯಿತು. ಕೊರತೆಯನ್ನು ಸಂಶಯವೇ ತುಂಬಿತು.

ನಿಯಮ ಓದುವ ಬಗೆ

ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ರೂಪುಗೊಂಡು 1977ರ ಜುಲೈ 15ರಂದು ಜಾರಿಗೆ ಬಂದವು. ಅವುಗಳಲ್ಲಿ ಹಾಯಿಯ ನೌಕೆ ಇದೆ, ಯಂತ್ರದ ನೌಕೆ ಇದೆ, ಮೀನು ಹಿಡಿಯುತ್ತಿರುವ ನೌಕೆ ಇದೆ, ಹತೋಟಿ ತಪ್ಪಿದ ನೌಕೆಯೂ ಇದೆ. ಅಪರಿಚಿತ ನೌಕೆ ಎಂಬ ವರ್ಗ ಮಾತ್ರ ಇಲ್ಲ. ಇದು ಮರೆವಿನಿಂದ ಆದದ್ದಲ್ಲ ಎಂದು ನನಗೆ ತೋರುತ್ತದೆ. ಈ ನಿಯಮಗಳಿಗೆ ಎದುರಿನವನ ಊರು, ಧ್ವಜ, ಹೆಸರು ಬೇಕಿಲ್ಲ. ಅವನ ಚಲನೆ ಕಂಡರೆ ಸಾಕು. ಇರುಳಿನಲ್ಲಿ ಎಳೆಬಲೆಯ ಬೋಟು ಹಸಿರು ದೀಪದ ಕೆಳಗೆ ಬಿಳಿ ದೀಪ ಹಚ್ಚಬೇಕು, ಬೇರೆ ಬಗೆಯಲ್ಲಿ ಮೀನು ಹಿಡಿಯುವವರು ಕೆಂಪಿನ ಕೆಳಗೆ ಬಿಳಿ ಹಚ್ಚಬೇಕು ಎನ್ನುವ 26ನೆಯ ನಿಯಮ ಕೇಳುವುದು ನೀನು ಯಾರು ಎಂದಲ್ಲ, ಏನು ಮಾಡುತ್ತಿದ್ದೀಯೆ ಎಂದು.

7ನೆಯ ನಿಯಮ ಇನ್ನೂ ಸೂಕ್ಷ್ಮವಾದದ್ದು. ಎದುರಿನ ನೌಕೆ ದಿಕ್ಸೂಚಿಯಲ್ಲಿ ಕಾಣುವ ಕೋನ ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದು ತಿಳಿಯಬೇಕು. ನಾವಿಕರು ಬೇರಿಂಗ್ ಎನ್ನುವುದು ಈ ಕೋನವನ್ನೇ. ಸಂದೇಹವಿದ್ದರೆ ಅಪಾಯವಿದೆಯೆಂದೇ ಎಣಿಸಬೇಕು. ಆದರೆ ಅದೇ ನಿಯಮ ಅರೆಬರೆ ಮಾಹಿತಿಯಿಂದ, ಅದರಲ್ಲೂ ರೇಡಾರಿನ ಅರೆಬರೆ ಮಾಹಿತಿಯಿಂದ, ಊಹೆ ಕಟ್ಟಬಾರದು ಎಂದೂ ಹೇಳುತ್ತದೆ. ಅಪಾಯದ ವಿಷಯದಲ್ಲಿ ಸಂದೇಹಕ್ಕೆ ಬೆಲೆ ಕೊಡು, ಆದರೆ ಸಂದೇಹದಿಂದ ತೀರ್ಪಿಗೆ ಜಿಗಿಯಬೇಡ: ಈ ಎರಡು ಮಾತುಗಳು ಒಂದೇ ನಿಯಮದಲ್ಲಿ ಅಕ್ಕಪಕ್ಕ ಇರುವುದನ್ನು ಗಮನಿಸಬೇಕು.

ಇಲ್ಲೇ ಒಂದು ತೊಡಕು ಅಡಗಿದೆ. 17ನೆಯ ನಿಯಮದ ಪ್ರಕಾರ, ಎರಡು ನೌಕೆಗಳ ದಾರಿ ಅಡ್ಡಹಾಯುವಾಗ ಯಾರಿಗೆ ದಾರಿಯ ಹಕ್ಕಿದೆಯೋ ಅವರು ತಮ್ಮ ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗಬೇಕು. ದಾರಿ ಬಿಡಬೇಕಾದವನು ಲೆಕ್ಕ ಹಾಕಲು ಆ ಸ್ಥಿರತೆ ಬೇಕು. ಹಾಗಾದರೆ, ಕಾನೂನಿಗೆ ತಲೆಬಾಗಿ ನೆಟ್ಟಗೆ ಬರುತ್ತಿರುವ ಬೋಟು ದೂರದಿಂದ ಹೇಗೆ ಕಾಣುತ್ತದೆ? ಬೇರಿಂಗ್ ಬದಲಾಗುವುದಿಲ್ಲ, ದೂರ ಕುಗ್ಗುತ್ತದೆ, ಸಂಕೇತಕ್ಕೆ ದಿಕ್ಕು ಬದಲಿಸುವುದಿಲ್ಲ. ದಾಳಿಕೋರನೂ ಹೀಗೆಯೇ ಕಾಣುತ್ತಾನೆ. ನಿದ್ದೆಹೋದ ಚುಕ್ಕಾಣಿಗಾರನ ಬೋಟೂ ಹೀಗೆಯೇ ಕಾಣುತ್ತದೆ. ಆದ್ದರಿಂದ "ದಿಕ್ಕು ಬದಲಿಸಲಿಲ್ಲ" ಎಂಬ ಒಂದೇ ಸಂಗತಿಯಿಂದ ಶತ್ರುವನ್ನು ಗುರುತಿಸಲು ಹೊರಟರೆ ನಿಯಮ ಪಾಲಿಸಿದವನೇ ಮೊದಲು ಬಲಿಯಾಗುವ ಸಂಭವವಿದೆ.

ಈ ಮೂವರನ್ನು ಬೇರ್ಪಡಿಸುವ ಉಪಾಯ 8ನೆಯ ನಿಯಮದಲ್ಲಿದೆ: ಸಾಕಷ್ಟು ಮುಂಚೆ, ಎದುರಿನವನಿಗೆ ಎದ್ದು ಕಾಣುವಷ್ಟು ದೊಡ್ಡದಾಗಿ ದಿಕ್ಕು ಬದಲಿಸು. ಇದನ್ನು ಡಿಕ್ಕಿ ತಪ್ಪಿಸುವ ಕ್ರಮವೆಂದಷ್ಟೇ ಓದುವುದು ರೂಢಿ. ನಾನು ಇದನ್ನು ಒಂದು ಪ್ರಶ್ನೆಯೆಂದು ಓದುತ್ತೇನೆ. 14 ನಾಟ್ ವೇಗದ ಹಡಗು 30 ಡಿಗ್ರಿ ತಿರುಗಿ ಆರು ನಿಮಿಷ ಸಾಗಿದರೆ 1.4 ಮೈಲಿ ಕ್ರಮಿಸುತ್ತದೆ. ಹಳೆಯ ದಾರಿಯಿಂದ 0.7 ಮೈಲಿ ಪಕ್ಕಕ್ಕೆ ಸರಿಯುತ್ತದೆ. ಎರಡು ಮೈಲಿ ದೂರದ ಬೋಟು ತನ್ನ ದಾರಿಯಲ್ಲೇ ಉಳಿದಿದ್ದರೆ, ಸ್ಥೂಲ ಲೆಕ್ಕದಲ್ಲಿ, ಬೇರಿಂಗ್ ಸುಮಾರು 20 ಡಿಗ್ರಿ ಜರುಗುತ್ತದೆ. ಬರಿಗಣ್ಣಿಗೇ ತಿಳಿಯುವಷ್ಟು ವ್ಯತ್ಯಾಸ. ಬೋಟಿನವನು ನಿದ್ದೆಯಲ್ಲಿದ್ದರೂ, ಬಲೆಯಲ್ಲಿ ಮಗ್ನನಾಗಿದ್ದರೂ, ಹಕ್ಕಿನಿಂದ ನೆಟ್ಟಗೆ ಬರುತ್ತಿದ್ದರೂ ಈ ಜರುಗುವಿಕೆ ಕಾಣುತ್ತದೆ. ಬೆನ್ನಟ್ಟುವವನು ಮಾತ್ರ ತಾನೂ ತಿರುಗಿ ಆ ಕೋನವನ್ನು ಮತ್ತೆ ಹಿಡಿದಿಡುತ್ತಾನೆ. ಗುಂಡು ಹಾರಿಸದೆ, ಭಾಷೆ ತಿಳಿಯದೆ, ಹೆಸರು ಕೇಳದೆ ಉದ್ದೇಶ ಬಯಲಾಗುತ್ತದೆ. ಇದಕ್ಕೆ ಬೇಕಾದದ್ದು ಸಮಯ. ಸಮಯಕ್ಕೆ ಬೇಕಾದದ್ದು ದೂರ. ದೂರಕ್ಕೆ ಬೇಕಾದದ್ದು 5ನೆಯ ನಿಯಮ ಹೇಳುವ ಎಡೆಬಿಡದ ಕಾವಲುಗಣ್ಣು. ಬೋಟನ್ನು ಅರ್ಧ ಮೈಲಿಯಲ್ಲಿ ಮೊದಲು ಕಂಡವನಿಗೆ ಈ ಪ್ರಶ್ನೆ ಕೇಳುವ ಅವಕಾಶವೇ ಉಳಿದಿರುವುದಿಲ್ಲ.

ಸಂಶಯ ಓದುವ ಬಗೆ

2008ರಿಂದಾಚೆಗೆ ಸೊಮಾಲಿಯಾದ ಕಡಲ್ಗಳ್ಳತನ ಅರಬ್ಬೀ ಸಮುದ್ರವನ್ನೇ ಬೇರೆ ಕಣ್ಣಿನಿಂದ ನೋಡುವಂತೆ ಮಾಡಿತು. ಆ ಭಯ ಸುಳ್ಳಾಗಿರಲಿಲ್ಲ. ಅಪಹೃತ ನಾವಿಕರಲ್ಲಿ ಭಾರತೀಯರು ಅನೇಕರಿದ್ದರು. ಅವರ ಮನೆಯವರು ತಿಂಗಳುಗಟ್ಟಲೆ ಕಾದು ಕುಳಿತದ್ದನ್ನು ಮರೆಯಲಾಗದು. ಅದೇ ವರ್ಷ ನವೆಂಬರಿನಲ್ಲಿ ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡು ಉಗ್ರರು ಮುಂಬೈಯತ್ತ ಬಂದರು. ಮೀನಿನ ಬೋಟೆಂದರೆ ಬರೀ ಮೀನಿನ ಬೋಟಲ್ಲ ಎಂಬ ಭಾವನೆ ಅಲ್ಲಿಂದ ಗಟ್ಟಿಯಾಯಿತು.

ಹಡಗು ಉದ್ಯಮ ತನ್ನ ಕೈಪಿಡಿಗಳಲ್ಲಿ ಅಪಾಯದ ವಲಯವೊಂದನ್ನು ಗುರುತಿಸಿತು. 2011ರ ಆಗಸ್ಟಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಅದರ ಪೂರ್ವದ ಗಡಿ 78 ಡಿಗ್ರಿ ರೇಖಾಂಶ. ನಕ್ಷೆ ಬಿಡಿಸಿ ನೋಡಿದರೆ ಕಚ್ಛ್‌ನಿಂದ ಕನ್ಯಾಕುಮಾರಿಯವರೆಗಿನ ಇಡೀ ಪಶ್ಚಿಮ ಕರಾವಳಿ ಆ ಗೆರೆಯೊಳಗೆ ಬೀಳುತ್ತದೆ. ಕಾರವಾರ, ಮಲ್ಪೆ, ಮಂಗಳೂರಿನ ಮೀನುಗಾರರ ಕಡಲೂ ಸೇರಿ. ಗೆರೆಯ ಪರಿಣಾಮ ಎರಡು ಬಗೆಯದಾಗಿತ್ತು. ನಡುಗಡಲಿಗೆ ಅಂಜಿದ ಹಡಗುಗಳು ಭಾರತದ ತೀರಕ್ಕೆ ಸರಿದು ಸಾಗಿದವು. ಅಂದರೆ ಬೋಟುಗಳು ಒತ್ತೊತ್ತಾಗಿ ದುಡಿಯುವ ನೀರಿಗೇ ಬಂದವು. ಜೊತೆಗೆ, ಹಾಗೆ ಬಂದವರು ಇದು ಕಡಲ್ಗಳ್ಳರ ವಲಯ ಎಂಬ ನಂಬಿಕೆಯನ್ನೂ ಹೊತ್ತು ತಂದರು. ಭಾರತದ ಆಕ್ಷೇಪಣೆಯ ಬಳಿಕ 2015ರ ಡಿಸೆಂಬರ್ 1ರಿಂದ ಆ ಗಡಿ 65 ಡಿಗ್ರಿಗೆ ಹಿಂದೆ ಸರಿಯಿತು. 2023ರ ಜನವರಿ 1ರಂದು ವಲಯವೇ ರದ್ದಾಯಿತು. ಆದರೆ ಸೇಂಟ್ ಆಂಟನಿಯ ಘಟನೆ ನಡೆದಾಗ ಆ ಗೆರೆ ಜೀವಂತವಾಗಿತ್ತು.

ಸಂಶಯದ ಓದು ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ಇನ್ನೆರಡು ಸಾಕ್ಷ್ಯಗಳಿವೆ. 2008ರ ನವೆಂಬರ್ 18ರಂದು ಏಡನ್ ಕೊಲ್ಲಿಯಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ತಬರ್ ಒಂದು ಕಡಲ್ಗಳ್ಳರ ನೌಕೆಯನ್ನು ಮುಳುಗಿಸಿತು. ಅದರ ಮೇಲೆ ಶಸ್ತ್ರಧಾರಿಗಳಿದ್ದದ್ದು ನಿಜ. ಆದರೆ ಅದು ಅಪಹರಣಕ್ಕೊಳಗಾದ ಥಾಯ್ಲೆಂಡಿನ ಮೀನುಗಾರಿಕೆ ನೌಕೆ ಎಕಾವತ್ ನಾವಾ 5 ಎಂದೂ, ಒಳಗೆ ಅದರ ಬಡಪಾಯಿ ಕೆಲಸಗಾರರು ಸೆರೆಯಲ್ಲಿದ್ದರೆಂದೂ ಆಮೇಲೆ ತಿಳಿಯಿತು. ದಿನಗಳ ನಂತರ ನೀರಿನಲ್ಲಿ ಜೀವಂತ ಸಿಕ್ಕಿದವನು ಒಬ್ಬನೇ. ಇಲ್ಲಿ ಅಪಾಯದ ಎಣಿಕೆ ಸರಿಯಾಗಿಯೇ ಇತ್ತು. ನೌಕೆಯ ಮೇಲಿದ್ದ ಎಲ್ಲರೂ ಒಂದೇ ಬಗೆಯವರೆಂಬ ಊಹೆ ತಪ್ಪಿತು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಎನ್ರಿಕಾ ಲೆಕ್ಸಿಯ ಐದು ತಿಂಗಳ ಬಳಿಕ, 2012ರ ಜುಲೈ 16ರಂದು, ದುಬೈಯ ಜೆಬೆಲ್ ಅಲಿಯ ಬಳಿ ಅಮೆರಿಕದ ನೌಕಾಪಡೆಯ ಇಂಧನ ಪೂರೈಕೆ ಹಡಗು ರಾಪಹಾನಕ್ ಮೀನುಗಾರರ ಬೋಟೊಂದರ ಮೇಲೆ ಗುಂಡು ಹಾರಿಸಿತು. ಭಾರತದ ಒಬ್ಬ ಮೀನುಗಾರ ಸತ್ತ, ಮೂವರಿಗೆ ಗಾಯವಾಯಿತು. ಎಚ್ಚರಿಕೆ ಕೊಟ್ಟೆವು ಎಂದು ಹಡಗಿನ ಕಡೆ, ಕೊಡಲಿಲ್ಲ ಎಂದು ಬದುಕುಳಿದವರ ಕಡೆ. ಮತ್ತದೇ ಎರಡು ಹೇಳಿಕೆಗಳು.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ಹಾಗೇ ಆಗಬೇಕೆಂದಿಲ್ಲ. ಹಗಲಿನಲ್ಲಿ ಎತ್ತರದಿಂದ ಬೀಸಿದ ದೀಪ ಬಲೆ ಎಳೆಯುತ್ತಿರುವವನಿಗೆ ಕಾಣದೇ ಹೋಗಬಹುದು. ಡೀಸೆಲ್ ಎಂಜಿನ್ನಿನ ಸದ್ದಿನ ಮೇಲೆ ಧ್ವನಿವರ್ಧಕ ಕೇಳದೇ ಹೋಗಬಹುದು. ನೀರಿಗೆ ಬಿದ್ದ ಗುಂಡು ಎಚ್ಚರಿಕೆಯೆಂದು ಬೋಟಿನವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೊಟ್ಟ ಎಚ್ಚರಿಕೆ ಬೇರೆ, ತಲುಪಿದ ಎಚ್ಚರಿಕೆ ಬೇರೆ. ಸಂದೇಹ ಬಂದಾಗ ಐದು ಬಾರಿ ಚುಟುಕಾಗಿ ಸಿಳ್ಳು ಹಾಕಬೇಕೆನ್ನುವ 34ನೆಯ ನಿಯಮವಾದರೋ ಇಬ್ಬರೂ ಕಲಿತಿರಬೇಕಾದ ಸಂಕೇತ. ಇನ್ನು, ಹಡಗು ತಮ್ಮ ಬಲೆಯ ಮೇಲೆ ಹಾಯ್ದುಹೋಗದಂತೆ ತಡೆಯಲು ಮೀನುಗಾರರು ಹಡಗಿನತ್ತ ಧಾವಿಸುವುದುಂಟು ಎಂಬ ಮಾತು ಕಡಲ್ಗಳ್ಳರ ವಿರುದ್ಧ ಬರೆದ ಮಾರ್ಗದರ್ಶನಗಳಲ್ಲೇ ಇದೆ. ಲಕ್ಷಗಟ್ಟಲೆ ಬೆಲೆಯ ಬಲೆ ಕಣ್ಣೆದುರಿಗೆ ಹರಿದುಹೋಗುವಾಗ ಬೋಟು ನಡೆಸುವ ತಾಂಡೇಲ ಸುಮ್ಮನಿರುವುದು ಹೇಗೆ?

ಗುರುತಿನ ಹೊರೆ

1982ರ ಸಮುದ್ರ ಕಾನೂನು ಒಡಂಬಡಿಕೆ ಈ ವಿಷಯದಲ್ಲಿ ಸಂಯಮದಿಂದ ಮಾತಾಡುತ್ತದೆ. ಕಡಲ್ಗಳ್ಳತನದ ಸಕಾರಣ ಸಂಶಯವಿದ್ದಾಗ ವಿದೇಶಿ ನೌಕೆಯನ್ನು ಹತ್ತಿ ತಪಾಸಣೆ ಮಾಡುವ ಹಕ್ಕನ್ನು 110ನೆಯ ವಿಧಿ ಯುದ್ಧನೌಕೆಗಳಿಗೆ ಕೊಡುತ್ತದೆ; ವ್ಯಾಪಾರಿ ಹಡಗಿಗೆ ಆ ಹಕ್ಕಿಲ್ಲ. ಸಂಶಯ ಹುಸಿಯಾದರೆ, ಆ ನೌಕೆ ಸಂಶಯ ಹುಟ್ಟಿಸುವಂಥದ್ದೇನೂ ಮಾಡಿರದಿದ್ದರೆ, ನಷ್ಟ ತುಂಬಿಕೊಡಬೇಕು. ಸಂಶಯ ತಪ್ಪಬಹುದು ಎಂಬುದನ್ನು ಕಾನೂನು ಮೊದಲೇ ಒಪ್ಪಿಕೊಂಡಿದೆ. ಎನ್ರಿಕಾ ಲೆಕ್ಸಿ ಪ್ರಕರಣದಲ್ಲಿ 2020ರ ಮೇ 21ರ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ತೀರ್ಪು ಗುಂಡು ಹಾರಿಸಿದ ಆರೋಪ ಹೊತ್ತ ಇಟಲಿಯ ಇಬ್ಬರು ಯೋಧರಿಗೆ ಭಾರತದ ಕೋರ್ಟುಗಳಿಂದ ವಿನಾಯಿತಿ ಇದೆಯೆಂದಿತು. ಆದರೆ ಗುಂಡಿಗೆ ಸಿಕ್ಕ ಬೋಟು ದಿಕ್ಕು ಬದಲಿಸಿ ದಡಕ್ಕೆ ಮರಳಬೇಕಾಯಿತಲ್ಲ, ಅದು ಭಾರತದ ನೌಕಾಯಾನ ಸ್ವಾತಂತ್ರ್ಯದ ಭಂಗ ಎಂದೂ ಹೇಳಿತು. ಪರಿಹಾರವನ್ನು ಸತ್ತವರಿಗಷ್ಟೇ ಸೀಮಿತಗೊಳಿಸದೆ, ಬೋಟಿನಲ್ಲಿದ್ದವರು ಅನುಭವಿಸಿದ ಮಾನಸಿಕ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯಿತು. ಒಟ್ಟು 10 ಕೋಟಿ ರೂಪಾಯಿ ಠೇವಣಿಯಾದ ಮೇಲೆ 2021ರ ಜೂನ್ 15ರಂದು ಸುಪ್ರೀಂ ಕೋರ್ಟು ಪ್ರಕರಣ ಮುಗಿಸಿತು. ಯಂತ್ರದ ಮೀನುಬೋಟೊಂದಕ್ಕೂ ಸಮುದ್ರದಲ್ಲಿ ತನ್ನ ದಾರಿ ಹಿಡಿದು ಸಾಗುವ ಹಕ್ಕಿದೆ ಎಂದು ಅಂತರರಾಷ್ಟ್ರೀಯ ಮಂಡಳಿ ಒಪ್ಪಿದ್ದನ್ನು ನಾನು ಈ ತೀರ್ಪಿನ ತಿರುಳೆಂದು ಭಾವಿಸುತ್ತೇನೆ.

ಯಾರು ಯಾರಿಗೆ ಗುರುತು ತೋರಿಸಬೇಕು ಎಂಬುದು ನಮ್ಮ ಕರಾವಳಿಗೆ ಹೊಸ ಪ್ರಶ್ನೆಯಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಾರ್ತಾಜ್ ಎಂಬ ರಹದಾರಿ ಪತ್ರ ಹೇರಿದರು. ಹೊನ್ನಾವರ, ಭಟ್ಕಳ, ಬಸರೂರಿನಿಂದ ಅಕ್ಕಿ ಹೊತ್ತು ಹೊರಟ ಹಡಗುಗಳಿಗೂ ಅದು ಬೇಕಾಯಿತು. ಪತ್ರವಿಲ್ಲದ ಹಡಗು ಸರಕು ಸಮೇತ ಜಪ್ತಿ. ತಲೆತಲಾಂತರದಿಂದ ಓಡಾಡಿದ ನೀರಿನಲ್ಲೇ ಇಲ್ಲಿನ ವ್ಯಾಪಾರಿ ಅಪರಿಚಿತನಾದ. ಮೊನ್ನೆ ಬಂದವನು ಗುರುತು ಕೇಳುವವನಾದ. ಇಂದಿನ ಸ್ವಯಂಗುರುತಿನ ಯಂತ್ರ, ಎಐಎಸ್, ಕಾರ್ತಾಜ್ ಅಲ್ಲ. ಅದು ಜೀವ ಉಳಿಸುವ ಸಾಧನ. ಆದರೂ ಅದರ ಕಡ್ಡಾಯ ಅಂತರರಾಷ್ಟ್ರೀಯ ಯಾನದ 300 ಟನ್ನಿನ ಮೇಲಿನ ಹಡಗುಗಳಿಂದ ಶುರುವಾದದ್ದು. ಪರದೆಯ ಮೇಲೆ ದೊಡ್ಡವರೆಲ್ಲ ಹೆಸರು ಸಮೇತ ಕಾಣತೊಡಗಿದ ಮೇಲೆ, ಹೆಸರಿಲ್ಲದ ಸಣ್ಣ ಬೋಟು ಮೊದಲಿಗಿಂತ ಹೆಚ್ಚು ಅಪರಿಚಿತವಾಯಿತು. ಪರದೆಯನ್ನೇ ಸಮುದ್ರವೆಂದು ನಂಬಿದ ಅಧಿಕಾರಿಗೆ ಅದು ಇಲ್ಲವೇ ಇಲ್ಲ.

ಬೋಟಿನ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಕಠಿಣ. ನೀರಿನಿಂದ ಎರಡು ಮೀಟರ್ ಎತ್ತರದ ಕಣ್ಣಿಗೆ ದಿಗಂತ ಸುಮಾರು 3 ಮೈಲಿ. 25 ಮೀಟರ್ ಎತ್ತರದ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವನಿಗೆ 10 ಮೈಲಿಗೂ ಹೆಚ್ಚು. ಎತ್ತರದವನಿಗೆ ಹೆಚ್ಚು ಕಾಣುತ್ತದೆ, ಆದರೆ ಹತ್ತಿರದ್ದು ಕಾಣುವುದಿಲ್ಲ. ಹಡಗಿನ ಮೂತಿಯ ಮುಂದೆ ಅದರ ಎರಡು ಉದ್ದದಷ್ಟು ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟು ನೀರು ಬ್ರಿಡ್ಜ್‌ಗೆ ಮರೆಯಾಗಲು ನಿಯಮವೇ ಅವಕಾಶ ಕೊಟ್ಟಿದೆ. 14 ನಾಟ್ ವೇಗದಲ್ಲಿ 500 ಮೀಟರ್ ಎಂದರೆ ಸುಮಾರು 70 ಸೆಕೆಂಡು.

2021ರ ಏಪ್ರಿಲ್ 13ರ ನಸುಕಿಗೆ ಮುನ್ನ ಮಂಗಳೂರಿನಿಂದ ಸುಮಾರು 43 ಮೈಲಿ ಪಶ್ಚಿಮಕ್ಕೆ, ಕೇರಳದ ಬೇಪೂರಿನಿಂದ ಹೊರಟಿದ್ದ ರಬಾ ಎಂಬ ಬೋಟಿಗೂ ಸಿಂಗಾಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಹದಿನಾಲ್ಕು ಮಂದಿಯಲ್ಲಿ ಜೀವಂತ ಸಿಕ್ಕಿದವರು ಇಬ್ಬರು. ಅಲ್ಲಿ ಗುಂಡಿಲ್ಲ, ಸಂಶಯವೂ ಇಲ್ಲ. ಅತಿಯಾಗಿ ಸಂಶಯಿಸುವುದು ಮತ್ತು ಇರವನ್ನೇ ಅರಿಯದಿರುವುದು ಬೇರೆ ಬೇರೆ ಕೇಡುಗಳು. ಎರಡರ ಕೊನೆಯಲ್ಲೂ ಹೆಣ ಎಣಿಸುವವರು ಬೋಟಿನ ಕಡೆಯವರೇ.

2024ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಮೀನುಗಾರಿಕೆ ಬೋಟುಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಉಪಗ್ರಹದ ಮೂಲಕ ದಡದೊಂದಿಗೆ ಮಾತಾಡಲು, ಆಪತ್ತು ತಿಳಿಸಲು ಅದು ಬಹು ಉಪಯುಕ್ತ. ಆದರೆ ದಡಕ್ಕೆ ಗೊತ್ತಿರುವುದು ಬೇರೆ, ಹಾದುಹೋಗುವ ಹಡಗಿನ ಬ್ರಿಡ್ಜ್‌ಗೆ ಗೊತ್ತಾಗುವುದು ಬೇರೆ. ಎಐಎಸ್ ಹಚ್ಚಿದರೆ ಮೀನಿನ ಜಾಗ ಬೇರೆ ಬೋಟಿನವರಿಗೆ ತಿಳಿದುಬಿಡುತ್ತದೆ ಎಂಬ ಅಳುಕು ಮೀನುಗಾರರಲ್ಲಿದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು, ಅದು ಅವರ ಅನ್ನದ ಪ್ರಶ್ನೆ. ಯಂತ್ರಕ್ಕೆ ಕಾಯದೆ ಮಾಡಬಹುದಾದ ಕೆಲಸ ಮಾತ್ರ ಕೈಯಳತೆಯಲ್ಲೇ ಇದೆ. ಬಲೆ ಎಳೆಯುವ ಹೊತ್ತಿಗೆ ಅಟ್ಟದ ತುಂಬ ಉರಿಯುವ ದೊಡ್ಡ ಬಲ್ಬುಗಳ ಪ್ರಭೆಯಲ್ಲಿ ಹಸಿರು-ಬಿಳಿ ದೀಪ ಮುಳುಗಿಹೋಗುತ್ತದೆ. ದೂರದ ಹಡಗಿಗೆ ಕಾಣುವುದು ಒಂದು ಬೆಳಕಿನ ಮುದ್ದೆ. ಬೋಟು ಯಾವ ಕಡೆ ಮುಖ ಮಾಡಿದೆ, ಬಲೆ ನೀರಿನಲ್ಲಿದೆಯೇ ಎಂಬುದು ತಿಳಿಯುವುದಿಲ್ಲ. ಬಲ್ಬುಗಳ ಮುಖವನ್ನು ಕೆಳಕ್ಕೆ ತಿರುಗಿಸಿ ಮರೆ ಕಟ್ಟಿದರೆ, ದೀಪದ ಕಂಬವನ್ನು ಅವುಗಳಿಗಿಂತ ಎತ್ತರಕ್ಕೆ ಏರಿಸಿದರೆ, ಮರ ಮತ್ತು ಫೈಬರಿನ ಮೈಗೆ ರೇಡಾರ್ ಅಲೆಯನ್ನು ಹಿಂದಿರುಗಿಸುವ ಲೋಹದ ಫಲಕವೊಂದನ್ನು ಕಂಬದ ತುದಿಗೆ ಕಟ್ಟಿದರೆ, ಎರಡು ಮೈಲಿಯಲ್ಲಿ ಕೇಳಬೇಕಾದ ಆ ಪ್ರಶ್ನೆಗೆ ಹಡಗಿಗೂ ಕಾಲಾವಕಾಶ ಸಿಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಆ 61 ದಿನಗಳಲ್ಲಿ ದಕ್ಕೆಯ ಮೇಲೆಯೇ ಇದನ್ನು ಮಾಡಿ ಮುಗಿಸಬಹುದು.