ತಿರುಳಿನ ನಾರುಗಳ ಏಕರೂಪತೆಯ ಮಾಪನ

ಕಾಗದದ ತಯಾರಿಕೆಗೆ ಸಿದ್ಧವಾದ ಮರದ ತಿರುಳಿನಲ್ಲಿ ನಾರುಗಳ ದೈರ್ಘ್ಯವು ಎಷ್ಟರಮಟ್ಟಿಗೆ ಸಮಾನವಾಗಿದೆಯೆಂಬುದನ್ನು ನಿರ್ಣಯಿಸುವ ಕ್ರಮ. ಪೈನ್ ಮೊದಲಾದ ಮೃದುಕಾಷ್ಠಗಳ ನಾರು ಸುಮಾರು 3 ಮಿ.ಮೀ., ನೀಲಗಿರಿಯದು ಸುಮಾರು 1 ಮಿ.ಮೀ. ಇರುವುದರಿಂದ ಮಿಶ್ರಣದಲ್ಲಿ ವೈಷಮ್ಯವು ಸಹಜವೇ ಸರಿ. ಬಾವರ್-ಮ್ಯಾಕ್‌ನೆಟ್ ಯಂತ್ರದಲ್ಲಿ, ನೀರಿನಲ್ಲಿ ಕದಡಿದ ತಿರುಳನ್ನು ಉತ್ತರೋತ್ತರ ಸೂಕ್ಷ್ಮವಾಗುವ ಜಾಲರಿಗಳುಳ್ಳ ತೊಟ್ಟಿಗಳಲ್ಲಿ ಸಾಲಾಗಿ ಹರಿಯಿಸಿ, ಒಂದೊಂದರಲ್ಲಿಯೂ ತಡೆದುನಿಂತ ಅಂಶವನ್ನು ಒಣಗಿಸಿ ತೂಗುವರು. ಕಿರಿದಾದ ನಾಳದಲ್ಲಿ ಸಾಗುವ ನಾರುಗಳನ್ನು ಧ್ರುವೀಕೃತ ಬೆಳಕಿನಿಂದ ಅಳೆಯುವ ದ್ಯುತಿಯಂತ್ರಗಳು ಇದಕ್ಕಿಂತ ಶೀಘ್ರಗಾಮಿಗಳು. ಆದರೆ ಅಸಂಖ್ಯಾತ ನುಚ್ಚುನಾರುಗಳು ಸಾಧಾರಣ ಸರಾಸರಿಯನ್ನು ತಗ್ಗಿಸಿಬಿಡುವುದರಿಂದ, ಪ್ರತಿ ನಾರಿಗೂ ಅದರ ದೈರ್ಘ್ಯಾನುಸಾರ ಪ್ರಾಧಾನ್ಯವಿತ್ತು ಗಣಿಸಿದ ಸರಾಸರಿಯೇ ಹೆಚ್ಚು ವಿಶ್ವಾಸಾರ್ಹವಾದುದು. ಸಂಪೂರ್ಣ ಏಕರೂಪತೆಯೇ ಇಷ್ಟಾರ್ಥವೆಂದು ಭಾವಿಸಲಾಗದು: ನೀಳನಾರುಗಳು ಮಾತ್ರವೇ ಇದ್ದಲ್ಲಿ ಅವು ಹೆಣೆದುಕೊಂಡು ಗಂಟುಕಟ್ಟಿ ಹಾಳೆಯನ್ನು ಮೋಡಮೋಡವಾಗಿಸುವುದರಿಂದ, ಮುದ್ರಣಕಾಗದಕ್ಕೆ ಹ್ರಸ್ವನಾರುಗಳನ್ನೂ ಬೆರೆಸುವುದುಂಟು.